ಬಾಗಿಲಿಗಷ್ಟೇ ಬೀಗ

ನೀನು ಬರೆದದ್ದು ಇನ್ನು ಯಾರ ಕಣ್ಣಿಗೂ ಬೀಳದ ಹಾಗೆ ನೋಡ್ಕೋತೀನಿ ಎಂದು ತಂಗಿಗೆ ಮಾತು ಕೊಟ್ಟಾಗ ಅವಳಿಗೆ ಒಂಬತ್ತು, ನನಗೆ ಹದಿಮೂರು. ಅವಳ ನೋಟುಪುಸ್ತಕವನ್ನು ನಾನು ಹಾಸಿಗೆಯಡಿಯಿಂದ ಎಳೆದು ನೆಂಟರೆದುರು ಗಟ್ಟಿಯಾಗಿ ಓದಿದ್ದೆ. ಅದರಲ್ಲಿದ್ದದ್ದು ಅವಳಿಗೆ ಹೆದರಿಕೆ ಹುಟ್ಟಿಸುವ ಸಂಗತಿಗಳ ಪಟ್ಟಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಎರಡು ದಿನ ನನ್ನ ಜೊತೆ ಟೂ ಬಿಟ್ಟಿದ್ದಳು.

ಈಗ ನಾನು ಒಂದು ಹೆರಿಗೆ ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಡಾಕ್ಟರರ ಹೆಸರು, ಸಮಯ, ವಿಳಾಸವೆಲ್ಲ ಯಾರು ಬೇಕಾದರೂ ಓದಬಹುದು. ‘ಡಾಕ್ಟರಿಗೆ ಬರೆಯಿರಿ’ ಎಂಬ ಭಾಗ ಮಾತ್ರ ಬಾಣಂತಿಯರಿಗೆ; ಪಾಸ್‌ವರ್ಡ್ ಹಾಕಿಯೇ ಒಳಗೆ ಹೋಗಬೇಕು. ತಂಗಿಗೂ ಅಲ್ಲೇ ಹೆರಿಗೆಯಾಯಿತು. ನಾಲ್ಕು ತಿಂಗಳ ಮಗುವನ್ನೆತ್ತಿಕೊಂಡು ಹೊಲಿಗೆ ಕಾರ್ಖಾನೆಯ ಕೆಲಸಕ್ಕೆ ಮರಳಿದಳು. ಕೂಸುಗಳನ್ನು ನೋಡಿಕೊಳ್ಳಲು ಅಲ್ಲೊಂದು ಕೋಣೆ, ಒಬ್ಬಳು ಆಯಾ ಇದ್ದರು.

“ಅಕ್ಕ, ಅಲ್ಲಿ ಬರೆದ್ರೆ ಡಾಕ್ಟ್ರು ಬಿಟ್ಟು ಬೇರೆ ಯಾರಾದ್ರೂ ಓದ್ತಾರಾ?” ಎಂದು ಒಂದು ದಿನ ಕೇಳಿದಳು.

“ಬೀಗದ ಗುರುತು ಕಾಣ್ಸಲ್ವೇನೇ? ಯಾರೂ ಓದಲ್ಲ.”

“ನೀನು?”

“ನಂಗೆ ಆ ಪಾಠ ಒಂದ್ಸಲ ಆಗಿದೆ ಕಣೇ, ಸಾಕು.”

ನಕ್ಕಳು.

ಬೀಗದ ಗುರುತು ಪಾಸ್‌ವರ್ಡ್ ಹಾಕುವ ಪುಟದಲ್ಲಿ ಮಾತ್ರ ಇತ್ತು. ಅದನ್ನು ದಾಟಿದ ಮೇಲೆ ಬರೆದದ್ದೆಲ್ಲ ಅಂಚೆ ಕಾರ್ಡಿನಂತೆ ತೆರೆದೇ ಹೋಗುತ್ತಿತ್ತು. ನನಗದು ಗೊತ್ತಿತ್ತು. ದಾರಿಯಲ್ಲಿ ಯಾರೂ ಓದಲಾಗದಂತೆ ಆ ಭಾಗಕ್ಕೆ ಪೂರ್ತಿ ಗೂಢಲಿಪಿ ಕಡ್ಡಾಯ ಮಾಡಿದರೆ ರಿಸೆಪ್ಷನ್‌ನ ಹಳೇ ಕಂಪ್ಯೂಟರ್‌ನಲ್ಲಿ ಅದು ತೆರೆಯುತ್ತಿರಲಿಲ್ಲ. “ಇದನ್ನ ಸಾಯಿಸ್ಬೇಡಿ ಮೇಡಂ, ನಾವಿಬ್ರೂ ಒಟ್ಟಿಗೇ ರಿಟೈರ್ ಆಗ್ತೀವಿ,” ಎನ್ನುತ್ತಿದ್ದಳು ರಿಸೆಪ್ಷನಿಸ್ಟ್. ಹೊಸದು ಬರಲಿ ಎಂದುಕೊಂಡೆ. ಆಮೇಲೆ ನನ್ನ ಮಗಳಿಗೆ ಜ್ವರ. ಆಮೇಲೆ ಸೋಮವಾರ ಮಾಡೋಣ ಎಂದೆ. ಎಷ್ಟು ಸೋಮವಾರಗಳು ಹೋದವೋ.

ತಂಗಿ ಊಟದ ಬಿಡುವಿನಲ್ಲಿ, ಕಾರ್ಖಾನೆಯ ವೈಫೈನಲ್ಲಿ ಬರೆದಳು: ‘ಮಗು ಅತ್ತಾಗ ನನ್ನ ಕಣ್ಣು ಕಿಟಕಿ ಕಡೆ ಹೋಗುತ್ತೆ ಡಾಕ್ಟರ್. ನನಗೆ ನನ್ನದೇ ಹೆದರಿಕೆ.’ ಗಂಡನಿಗೂ ಹೇಳದ ಮಾತು. ಹೆಂಗಸರು ಫೋನಿನಲ್ಲಿ ಏನು ಮಾಡುತ್ತಾರೆಂದು ಆ ವೈಫೈ ಮೂಲಕ ಇಣುಕುವ ಚಟ ಅಲ್ಲಿನ ಸೂಪರ್‌ವೈಸರನಿಗಿತ್ತು.

ಗುರುವಾರ ತಂಗಿ ಮಗುವನ್ನು ಕರೆತರಲು ಹೋದಾಗ ಆಯಾ ಮೊದಲು ಎದ್ದು ಕಿಟಕಿ ಮುಚ್ಚಿ, ಚಿಲಕ ಹಾಕಿ ಹೇಳಿದಳಂತೆ: “ಹೆದರ್ಬೇಡಮ್ಮ, ಹಾಕಿದೀನಿ.” ಹಿಂದೆ ಇಡೀ ಸಾಲಿನ ಹೊಲಿಗೆ ಯಂತ್ರಗಳು ಸದ್ದು ನಿಲ್ಲಿಸಿದ್ದವು. ಸಂಜೆಯೊಳಗೆ ಸುದ್ದಿ ಮನೆಗೆ ಮುಟ್ಟಿತು. ಬೆಳಗಾಗುತ್ತಲೇ ಅವಳ ಅತ್ತೆ ಮಗುವನ್ನು ತಮ್ಮ ಮನೆಗೆ ಎತ್ತಿಕೊಂಡು ಹೋದರು.

ಶುಕ್ರವಾರ ಆ ಭಾಗಕ್ಕೆ ಗೂಢಲಿಪಿ ಕಡ್ಡಾಯ ಮಾಡಿದೆ. ಮೂರು ಸಾಲಿನ ಕೆಲಸ. ತೆರೆದ ದಾರಿಯಲ್ಲಿ ನಾನೇ ಹೋಗಿ ನೋಡಿದೆ, ಒಳಗೆ ಬಿಡಲಿಲ್ಲ. ರಿಸೆಪ್ಷನಿಸ್ಟ್ ಹಳೇ ಕಂಪ್ಯೂಟರ್ ಆರಿಸಿ, ರಿಜಿಸ್ಟರ್ ತೆಗೆದು ಕೈಯಲ್ಲೇ ಬರೆಯತೊಡಗಿದಳು. ತಂಗಿಗೆ ಫೋನ್ ಮಾಡಿದೆ.

“ಗುಬ್ಬೀ, ಈಗ ಪೂರ್ತಿ ಭದ್ರ ಮಾಡಿದೀನಿ. ಡಾಕ್ಟ್ರು ನಿನ್ನನ್ನ ಕೇಳ್ತಿದ್ರು. ಒಂದೇ ಒಂದು ಸಾಲು ಬರಿಯೇ.”

“ಎಷ್ಟು ಹೊತ್ತು ಹಿಡೀತು?”

“ಏನು?”

“ಭದ್ರ ಮಾಡೋಕೆ.”

ಸುಳ್ಳು ಹೇಳಬಹುದಿತ್ತು.

“ಹತ್ತು ನಿಮಿಷ.”



“ನೆಂಟ್ರೆಲ್ಲ ನಕ್ರಾ ಅಕ್ಕ?” ಎಂದಳು. ಫೋನಿಟ್ಟಳು.

ಇದಾಗಿ ಎರಡು ತಿಂಗಳು. ಮಗು ಇನ್ನೂ ಅಜ್ಜಿಯ ಮನೆಯಲ್ಲಿದೆ. ತಂಗಿ ಡಾಕ್ಟರಿಗೆ ಮತ್ತೆ ಬರೆದಿಲ್ಲ. ನಾನು ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ.