ನಝೀರಾ ಕೇಳಿದ್ದು

ಅಲೆಕ್ಸಾಂಡ್ರಿಯಾದ ಅತ್ತಾರೀನ್ ಬೀದಿಯಲ್ಲಿ, ಕಾಫಿ ಹುರಿಯುವ ಅಂಗಡಿಯ ಮೇಲಿನ ಕೋಣೆಯಲ್ಲಿ, ನನ್ನ ಅಕ್ಕ ಅದ್ಮಾ ಹೆಂಗಸರಿಗಾಗಿ ಮಾಸಪತ್ರಿಕೆ ನಡೆಸುತ್ತಿದ್ದಳು. ಹುಡುಗಿ ಒಪ್ಪದೆ ಮದುವೆ ಕೂಡದು ಎಂದು ಅವಳು ಧೈರ್ಯವಾಗಿ ಬರೆದಳು. ಆದರೆ ಆ ಕಾಲದಲ್ಲಿ ಹೆಣ್ಣಿನ ಹೆಸರನ್ನು ಅಚ್ಚು ಹಾಕುವಂತಿರಲಿಲ್ಲ. ಬರೆದವರು ಯಾರೇ ಆಗಲಿ, ಕೆಳಗೆ ‘ಒಬ್ಬ ಸೋದರಿ’ ಎಂದಿರುತ್ತಿತ್ತು.

ಒಂದು ಮಧ್ಯಾಹ್ನ ಹತ್ತಿ ವ್ಯಾಪಾರಿಯ ಮಗಳು ನಝೀರಾ ಬಂದಳು. ಅಪ್ಪನ ಪಾಲುದಾರ ಮುದುಕನೊಬ್ಬನಿಗೆ ಅವಳನ್ನು ನಿಶ್ಚಯಿಸಿದ್ದರು.

“ನಂಗೆ ಈ ಮದುವೆ ಬೇಡ ಅಂತ ಹಾಕಿ ಅಕ್ಕಾ. ಹೆಸರೂ ಹಾಕಿ. ಇಲ್ದಿದ್ರೆ ಅದು ಯಾರೋ ಆಗ್ತಾಳೆ, ನಾನಲ್ಲ.”

“ನಿಮ್ಮಪ್ಪ ಸುಮ್ನೆ ಬಿಡ್ತಾನೇನೇ ಹುಚ್ಚಿ? ‘ಒಬ್ಬ ಸೋದರಿ’ ಅಂತ ಹಾಕ್ತೀನಿ.”

ಹುಡುಗಿ ಶರಬತ್ತು ಮುಟ್ಟದೆ ಇಳಿದುಹೋದಳು. ಅವಳ ಮಾತು ‘ಒಬ್ಬ ಸೋದರಿ’ಯ ಹೆಸರಲ್ಲಿ ಪತ್ರಿಕೆಯಲ್ಲಿ ಬಂತು. ಅವಳಪ್ಪನೂ ಓದಿ, “ಪಾಪ, ಯಾರ ಮಗುವೋ!” ಎಂದನಂತೆ. ಮದುವೆಯ ಹಿಂದಿನ ದಿನ ನಝೀರಾ ಸಮುದ್ರದ ಪಾಲಾದಳು.

ಆಮೇಲೆ ಮಧ್ಯಾಹ್ನಗಳಲ್ಲಿ ನಮ್ಮ ಮೆಟ್ಟಿಲ ಮೇಲೆ ಒದ್ದೆ ಪಾದಗಳ ಸದ್ದು ಕೇಳತೊಡಗಿತು. ಅದು ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ತೆರೆದರೆ ಯಾರೂ ಇಲ್ಲ, ಕಲ್ಲಿನ ಮೇಲೆ ನೀರು ಮಾತ್ರ. ಬೆರಳಲ್ಲಿ ಅದ್ದಿ ನಾಲಿಗೆಗೆ ತಾಗಿಸಿದೆ. ಉಪ್ಪು.

“ತಕ್ಲಾ, ನಿಂಗೂ ಕೇಳಿಸ್ತಾ?” ಅಕ್ಕ ನನ್ನನ್ನು ಕೇಳಿದಳು.

“ಬೆಕ್ಕಿರ್ಬೇಕು ಬಿಡೇ.”

“ಬೆಕ್ಕು ಬಾಗಿಲಲ್ಲಿ ನಿಂತು ಅಳುತ್ತೇನೇ?”

ಅಕ್ಕ ಊಟ ಬಿಟ್ಟಳು. ಕೊನೆಗೆ ನಝೀರಾಳ ಹೆಸರು ಹಾಕಿಯೇ ಬಿಡುತ್ತೇನೆಂದಾಗ, ಅಚ್ಚುಕೂಟದ ಒಡೆಯನಾದ ನಮ್ಮಣ್ಣ ಇಸ್ಕಂದರ್ ಕೂಗಾಡಿದ.

“ಸತ್ತವಳನ್ನ ಬೀದಿಗೆ ಎಳೀತೀಯಾ? ನಾಚ್ಕೆ ಆಗಲ್ವಾ ನಿಂಗೆ?”

“ಆಗುತ್ತಣ್ಣಾ. ಬದುಕಿದ್ದಾಗ ಮುಚ್ಚಿಟ್ಟೆನಲ್ಲ, ಅದಕ್ಕೆ.”

ಅಚ್ಚುಕೂಟದ ಆಳುಗಳು ಒಲ್ಲೆವು ಎಂದರು. ಅಕ್ಕ ತಾನೇ ಅಚ್ಚಿನ ಮೊಳೆ ಜೋಡಿಸಿದಳು. ಮೊದಲ ಪುಟದಲ್ಲಿ ನಝೀರಾಳ ಮಾತು, ನಝೀರಾಳ ಹೆಸರು. ಅದರ ಕೆಳಗೆ, ತಾನು ಮಾಡಿದ್ದನ್ನು ಒಪ್ಪಿಕೊಂಡು, ಅದ್ಮಾ ಎಂದು ತನ್ನದು.

ನಮ್ಮ ಚರ್ಚಿನ ಪಾದ್ರಿ ಪೂಜೆಯ ನಡುವೆಯೇ ಅಕ್ಕನನ್ನು ಶಪಿಸಿದರು. ಪ್ರತಿಗಳು ಹರಿದು ಚೂರಾಗಿ ನಮ್ಮ ಹೊಸ್ತಿಲಿಗೆ ಬಂದು ಬಿದ್ದವು. ಅಣ್ಣ ಅಚ್ಚುಕೂಟಕ್ಕೆ ಬೀಗ ಹಾಕಿದ. ಪತ್ರಿಕೆ ಅಲ್ಲಿಗೆ ಮುಗಿಯಿತು.

ಸದ್ದೂ ನಿಂತಿತು. ನಾನು ನೆಮ್ಮದಿಯ ಉಸಿರು ಬಿಟ್ಟೆ. ಅಕ್ಕ ಮಾತ್ರ ಮಂಕಾದಳು.

“ಬರೋದೇ ನಿಲ್ಸಿದಾಳಲ್ಲೇ. ಕ್ಷಮಿಸಿದಾಳೋ, ನನ್ನ ಸಹವಾಸವೇ ಬೇಡ ಅಂದ್ಕೊಂಡಳೋ?”



ಮುಂದೆ ಅದೇ ಕೋಣೆಯಲ್ಲಿ ಅವಳು ಹುಡುಗಿಯರಿಗೆ ಓದು ಕಲಿಸಿದಳು, ಸಾಯುವವರೆಗೂ. ಕೆಲವೊಮ್ಮೆ ಪಾಠದ ನಡುವೆ ಮಾತು ನಿಲ್ಲಿಸಿ ಬಾಗಿಲ ಕಡೆ ಕಿವಿಗೊಡುತ್ತಿದ್ದಳು. ಮಕ್ಕಳು ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕಾಯುತ್ತಿದ್ದರು.