ಹುರುಳಿಕಾಯಿಯ ಭರಣಿ

ಉಗ್ರಾಣದ ಮೇಲಿನ ಹಲಗೆಯಿಂದ ಮತ್ತೊಂದು ಭರಣಿ ಮಾಯವಾಗಿತ್ತು. ಮನೆಯ ಹಿರಿಸೊಸೆ ಸ್ಟೂಲಿನ ಮೇಲೆ ನಿಂತು, ಧೂಳಿನಲ್ಲಿ ಉಳಿದ ದುಂಡನೆಯ ಗುರುತನ್ನು ಬೆರಳಿನಿಂದ ಮುಟ್ಟಿದಳು. ಟೊಮೇಟೊ ಇದ್ದಲ್ಲೇ ಇತ್ತು, ಪೇರಳೆ ಹೋಳುಗಳೂ ಅಲುಗಿರಲಿಲ್ಲ. ಹೋಗುತ್ತಿದ್ದದ್ದು ಹುರುಳಿಕಾಯಿ ಮಾತ್ರ.

ಹಿತ್ತಲಲ್ಲಿ ಬೀಜ ಹಾಕಿ, ಬಳ್ಳಿಗೆ ಕೋಲು ಕೊಟ್ಟು, ಎಳೆಯದನ್ನೇ ಆರಿಸಿ ಕೊಯ್ದು, ಉಪ್ಪುನೀರಲ್ಲಿ ಕುದಿಸಿ ಗಾಜಿನ ಭರಣಿಗೆ ತುಂಬಿ ತಗಡಿನ ಮುಚ್ಚಳ ಬಿಗಿದವಳು ಅವಳು. ಬಸುರಿ ಮಗಳಿಗೆ ಬೇರೇನೂ ಬಾಯಿಗೆ ಸೇರುತ್ತಿರಲಿಲ್ಲ. ಒಂದು ಭರಣಿ ಆಗಲೇ ಕಳಿಸಿಯಾಗಿತ್ತು. ಉಳಿದವನ್ನು ಭಾನುವಾರ ಅಳಿಯ ಬಂದು ಒಯ್ಯುವವನಿದ್ದ.

ಮನೆಯಲ್ಲಿದ್ದ ಗಂಡಸರಿಗೆ ಉಗ್ರಾಣದ ದೀಪದ ಸ್ವಿಚ್ಚು ಎಲ್ಲಿದೆಯೆಂಬುದೂ ಗೊತ್ತಿಲ್ಲ. ಉಳಿದವಳು ಮೈದುನನ ಹೆಂಡತಿ. ಬಂದು ವರ್ಷವಾಗಿರಲಿಲ್ಲ, ಮಾತೂ ಕಡಿಮೆ. ಮಾತಾಡದವರ ಹೊಟ್ಟೆಯಲ್ಲಿ ಏನಿದೆಯೋ ಕಂಡವರಾರು?

"ಏನಮ್ಮಾ, ನಿನ್ನ ತವರಲ್ಲಿ ಎಲ್ರೂ ಚೆನ್ನಾಗಿ ಉಂಡ್ಕೊಂಡು ಇದ್ದಾರಾ?" ಎಂದು ಕೆಣಕಿದಳು.

"ಹೂಂ ಅಕ್ಕ." ಕಿರಿಯವಳು ತಲೆ ಎತ್ತದೆ ಪಾತ್ರೆ ಉಜ್ಜಿದಳು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ತಿಳಿಯುವುದಿಲ್ಲವೇ? ಮರುದಿನ ಮಧ್ಯಾಹ್ನ ಹಿರಿಯವಳು ನಿದ್ದೆಯ ನೆಪ ಮಾಡಿ ಮಲಗಿದಳು. ಹಿತ್ತಲ ಬಾಗಿಲು ಕಿರ್ರೆಂದ ಕೂಡಲೇ ಬರಿಗಾಲಲ್ಲಿ ಹಿಂದೆ ಹೋದಳು. ಗೊಬ್ಬರದ ಗುಂಡಿಯಾಚೆ ಕಿರಿಯವಳು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮಣ್ಣು ತೋಡುತ್ತಿದ್ದಳು. ಪಕ್ಕದಲ್ಲಿ ಮುಚ್ಚಳ ತೆಗೆದ ಭರಣಿ.

"ತವರಿಗೆ ಸಾಗಿಸ್ತಿದ್ದೀಯ ಅಂದ್ಕೊಂಡಿದ್ದೆ. ಮಣ್ಣುಪಾಲು ಮಾಡ್ತಿದ್ದೀಯಲ್ಲೇ! ನನ್ನ ಮಗಳ ಬಾಯಿಗೆ ಹೋಗೋದು ಕಂಡು ಹೊಟ್ಟೆಕಿಚ್ಚಾ?"

"ಕೆಟ್ಟಿದೆ ಅಕ್ಕ. ಮುಚ್ಚಳ ಉಬ್ಬಿತ್ತು."

ಹಿರಿಯವಳು ಭರಣಿ ಕಿತ್ತುಕೊಂಡು ಮೂಸಿದಳು. ವಾಸನೆಯಿಲ್ಲ, ಬೂಷ್ಟಿಲ್ಲ. "ಎಲ್ಲಿ ಕೆಟ್ಟಿದೆ? ನಿನ್ನ ಕಣ್ಣೆದುರೇ ತಿಂತೀನಿ, ನೋಡು," ಎಂದು ಒಂದು ಕಾಯಿಯನ್ನು ಬಾಯಿಗೆ ಒಯ್ದಳು.

ಕಿರಿಯವಳು ಹಾರಿ ಬಂದು ಆ ಕೈಗೆ ಹೊಡೆದ ರಭಸಕ್ಕೆ ಇಬ್ಬರೂ ಬಿದ್ದರು. ಭರಣಿ ಕಲ್ಲಿಗೆ ಬಡಿದು ಚೂರಾಯಿತು.

"ನಮ್ಮ ಸೋದರತ್ತೆನೂ ಹೀಗೇ ಮೂಸಿ ನೋಡಿ ತಿಂದಿದ್ರು." ಕಿರಿಯವಳು ಬಿದ್ದಲ್ಲಿಂದಲೇ ಹೇಳಿದಳು. "ಮಾರನೇ ದಿನ ಎಲ್ಲಾ ಎರಡೆರಡಾಗಿ ಕಾಣ್ತಿದೆ ಅಂದ್ರು. ಆಮೇಲೆ ಮಾತು ನಿಂತ್ಹೋಯ್ತು. ಆಮೇಲೆ ಉಸಿರು. ಟೊಮೇಟೊಗೆ ಹುಳಿ ಇರುತ್ತೆ, ಕೆಡಲ್ಲ. ಹುರುಳಿಕಾಯಿನ ಬರೀ ಕುದಿಸಿ ಮುಚ್ಚಿಟ್ರೆ ವಾಸನೆನೇ ಇಲ್ದ ವಿಷ ಆಗುತ್ತೆ ಅಂತ ಆಸ್ಪತ್ರೇಲಿ ಹೇಳಿದ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಬೆಳೆದಿದ್ದು, ನೀವು ಮಾಡಿದ್ದು. ಹೇಳಿದ್ರೆ ನಂಬ್ತಿದ್ರಾ?"

ಮಗಳಿಗೆ ಕಳಿಸಿದ ಭರಣಿ ಹಿರಿಯವಳಿಗೆ ಥಟ್ಟನೆ ನೆನಪಾಯಿತು. ಎದ್ದು ಒಳಗೆ ಓಡಿದಳು. ಮಗಳಿಗೆ ಫೋನು ಮಾಡುವಾಗ ನಂಬರು ಎರಡು ಸಲ ತಪ್ಪಿತು.

"ಭರಣಿ ತೆಗೆದ್ಯಾ?"

"ಇಲ್ಲಮ್ಮಾ, ಸಂಜೆ ತೆಗೀಬೇಕು ಅಂತಿದ್ದೆ. ಯಾಕೆ ಹೀಗೆ ಏದುಸಿರು ಬಿಡ್ತಿದ್ದೀಯಾ?"

ಹಿರಿಯವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೊಸ್ತಿಲಾಚೆ ಕಿರಿಯವಳು ನಿಂತಿದ್ದಳು. ಕೈಗೆ ಇನ್ನೂ ಚೀಲ ಸುತ್ತಿತ್ತು.

"ನಿನ್ನ ಚಿಕ್ಕಮ್ಮ ಹೇಳ್ತಾಳೆ, ಕೇಳು," ಎಂದು ಹಿರಿಯವಳು ಫೋನನ್ನು ಅವಳ ಕಿವಿಗೆ ಹಿಡಿದಳು. ಅವಳು ಹೇಳಿ ಮುಗಿಸುವವರೆಗೂ ಹಾಗೇ ಹಿಡಿದುಕೊಂಡಿದ್ದಳು.