ಶಟರ್ ಇಳಿದ ಬೀದಿ

ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು ಎಂದಷ್ಟೇ ನನಗೆ ಗೊತ್ತಿತ್ತು. ಲಾಕ್‌ಡೌನ್ ಬರದಿದ್ದರೆ ಉಳಿದದ್ದು ಗೊತ್ತಾಗುತ್ತಲೇ ಇರಲಿಲ್ಲ. ಬೆಳಗಿನ ನಡಿಗೆಗೆಂದು ಪೇಟೆ ಬೀದಿಗೆ ಹೋದರೆ ಎಲ್ಲ ಬಂದ್, ಇಳಿದ ಶಟರ್‌ಗಳ ಮೇಲೆಲ್ಲ ಚಿತ್ರ! ದರ್ಜಿ ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸುವ ಹೆಂಗಸು, ಗಡಿಯಾರ ರಿಪೇರಿಯವನಲ್ಲಿ ಮಲಗಿದ ಬೆಕ್ಕು, ಮೂಲೆಯಲ್ಲಿ ಅಪ್ಪನ ಸಹಿ. ಹಗಲೆಲ್ಲ ಶಟರ್ ಸುರುಳಿ ಸುತ್ತಿ ಮೇಲಿದ್ದರೆ ಯಾರ ಕಣ್ಣಿಗೆ ಬೀಳಬೇಕು? ದಿನಾ ಒಂದೊಂದು ಗಲ್ಲಿ ಹೊಕ್ಕೆ. ಎಲ್ಲೆಲ್ಲೂ ಅಪ್ಪನೇ.

ಒಂದು ಬೆಳಿಗ್ಗೆ ನೋಡುತ್ತೇನೆ, ಬೀದಿಯ ತುದಿಯಿಂದ ಬೂದು ಬಣ್ಣ ಬಳಿದುಕೊಂಡು ಬರುತ್ತಿದ್ದಾರೆ. ಬಳಿಸುತ್ತಿದ್ದವನು ವರ್ತಕರ ಸಂಘದ ಅಧ್ಯಕ್ಷ, ನನ್ನ ಒಡಹುಟ್ಟಿದ ಅಣ್ಣ!

"ಏನಣ್ಣಾ ಇದು? ಅಪ್ಪ ಬರೆದದ್ದು!"

"ಬೀದಿ ನೀಟಾಗಿ ಕಾಣ್ಲಿ ಅಂತ. ಬಣ್ಣದ ಕಂಪನಿಯವ್ರು ಪುಕ್ಕಟೆ ಕೊಟ್ಟಿದಾರೆ."

"ಪುಕ್ಕಟೆ ಸಿಕ್ರೆ ನಂಗೂ ಇರ್ಲಿ ನಮ್ಮಪ್ಪಂಗೂ ಇರ್ಲಿ ಅಂತ, ಅಪ್ಪನ ಮೇಲೇ ಬಳೀತಿದೀಯಾ?"

"ಅಪ್ಪನ್ನೇ ಕೇಳು ಹೋಗು. ಬಳ್ಕೋ ಅಂದಿದಾರೆ."

ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ ಅಪ್ಪನ ಮೇಲೆ ಹರಿಹಾಯ್ದೆ.

"ಹೋಗ್ಲಿ ಬಿಡಮ್ಮ," ಎಂದರು. "ಅಂಗಡಿ ಮುಚ್ಚಿದ ಮೇಲೆ ಬೀದಿದೀಪದಲ್ಲಿ ಬರೆದದ್ದು. ಬೆಳಗಾದ್ರೆ ಶಟರ್ ಮೇಲಕ್ಕೆ. ಹಗಲಲ್ಲಿ ನಾನೇ ಒಂದ್ಸಲಾನೂ ನೋಡಿಲ್ಲ. ನೋಡದೇ ಇರೋದಕ್ಕೆ ಯಾಕೆ ಅಳ್ಲಿ?"

ಬರೆದವರೇ ನೋಡಿಲ್ಲವಂತೆ! ಎಂಥ ಅನ್ಯಾಯ! ಅಳಿಸಿಹೋಗುವ ಮುಂಚೆ ಒಂದನ್ನಾದರೂ ನೋಡಲೇಬೇಕೆಂದು ಹಟ ಹಿಡಿದೆ. ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಮಾಸ್ಕ್ ಹಾಕಿ, ತಳ್ಳಿಕೊಂಡು ಓಡಿದೆ. ಅಷ್ಟರಲ್ಲಿ ದರ್ಜಿಯ ಹೆಂಗಸು ಹೋಗಿದ್ದಳು, ಬೆಕ್ಕೂ ಹೋಗಿತ್ತು. ಬಳಿದವರ ಕೈ ಸೇದಿಹೋಗ! ಬೀದಿಯಲ್ಲಿ ಉಳಿದಿದ್ದು ಹಣ್ಣಿನ ಅಂಗಡಿಯೊಂದೇ. ಅದರ ಶಟರ್ ತುಂಬ ಪೇರಲೆ ಕಚ್ಚುವ ಗಿಳಿಗಳು. ಆಳು ರೋಲರ್ ಅದ್ದಿಕೊಂಡು ನಿಂತಿದ್ದ.

ಅಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಕೆಂಪೇರಿತು.

"ಗಿಳಿಗಳೆಲ್ಲ ನೀಲಿ! ಆ ಹಳದಿ ದೀಪದಲ್ಲಿ ಹಸಿರು ಅಂದ್ಕೊಂಡು ನೀಲಿ ಡಬ್ಬಿಗೆ ಕುಂಚ ಅದ್ದಿದೀನಿ. ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ನೋಡಿದ್ರೆ ತಾನೇ ಹೇಳೋಕೆ?" ಎಂದೆ.

"ಅದಕ್ಕೇ ಅಪ್ಪ, ಬಳಿದುಬಿಡೋಣ," ಎಂದು ಅಣ್ಣ ಆಳಿಗೆ ಸನ್ನೆ ಮಾಡಿದ.

ಅಪ್ಪ ಕೈ ಅಡ್ಡ ಚಾಚಿ ರೋಲರ್ ತಡೆದರು. ಬೂದು ಬಣ್ಣ ಅಂಗೈಗೆಲ್ಲ ಮೆತ್ತಿಕೊಂಡಿತು.

"ಮುಟ್ಟಿದ್ರೆ ನೋಡು! ತಪ್ಪು ನಂದು, ತಿದ್ದೋನೂ ನಾನೇ. ಹೋಗು, ಹಸಿರು ತಗೊಂಡ್ಬಾ."